ರೇಡಾರ್ ಗನ್ ತೊಡೆಯ ಮೇಲಿಟ್ಟ ರಾತ್ರಿ

2009ರ ಮೇ 8, ಶುಕ್ರವಾರ. ಸ್ಯಾನ್ ಡಿಯಾಗೋದಲ್ಲಿ ಮೇ ತಿಂಗಳು ಅಂದರೆ ಬಿಸಿಲಲ್ಲ. ಸಮುದ್ರದ ಕಡೆಯಿಂದ ಮೋಡ ಬಂದು ಕವಿದುಕೊಳ್ಳುತ್ತದೆ, ಸಂಜೆಯಾದರೆ ಚಳಿ. ಆಫೀಸಿನಿಂದ ಬೇಗ ಬಂದು, ಸ್ವೆಟರ್ ಹಾಕಿಕೊಂಡು ಪಕ್ಕದ ಮನೆಯ ಬಾಗಿಲು ತಟ್ಟಿದೆ. ತಾತ ಆಗಲೇ ರೆಡಿ. ಒಂದು ಕೈಯಲ್ಲಿ ಚೆಂಡಿನ ವೇಗ ಅಳೆಯುವ ರೇಡಾರ್ ಗನ್, ಇನ್ನೊಂದರಲ್ಲಿ ಸ್ಟಾಪ್‌ವಾಚ್.

ಅವರು ನಮ್ಮವರಲ್ಲ, ಅಮೆರಿಕದವರೇ. ನನ್ನ ಮಗಳು ಅವರನ್ನು ‘ತಾತ’ ಅಂತ ಕರೆಯುತ್ತಿದ್ದಳು. ಆ ಶಬ್ದ ಅವರಿಗೆ ತುಂಬಾ ಹಿಡಿಸಿ, ನನ್ನಿಂದಲೂ ಹಾಗೇ ಕರೆಸಿಕೊಂಡರು. ಎಪ್ಪತ್ತು ದಾಟಿತ್ತು. ಜೀವನವೆಲ್ಲ ತಂಡಗಳಿಗೆ ಹೊಸ ಆಟಗಾರರನ್ನು ಹುಡುಕಿಕೊಡುವ ಬೇಸ್‌ಬಾಲ್ ಸ್ಕೌಟ್ ಆಗಿ ಹೈಸ್ಕೂಲು, ಕಾಲೇಜು ಮೈದಾನಗಳನ್ನು ಸುತ್ತಿದವರು. ನಿವೃತ್ತಿಯ ಮೇಲೂ ಹಳೇ ತಂಡವೊಂದಕ್ಕೆ ಆಗಾಗ ವರದಿ ಬರೆದು ಕಳಿಸುತ್ತಿದ್ದರು. ಅಂಥವರಿಗೆ ಆ ವೃತ್ತಿಯಲ್ಲಿ ‘ಬರ್ಡ್ ಡಾಗ್’ ಅನ್ನುತ್ತಾರೆ. ಬೇಟೆಯ ಹಕ್ಕಿ ಎಲ್ಲಿದೆ ಅಂತ ಮೂಸಿ ತೋರಿಸುವ ನಾಯಿ. ಆ ಹೆಸರು ಹೇಳುವಾಗ ಅವರ ಮುಖದಲ್ಲಿ ಹೆಮ್ಮೆ ಕಾಣುತ್ತಿತ್ತು.

ಅಂದು ನೋಡಬೇಕಿದ್ದದ್ದು ಸ್ಯಾನ್ ಡಿಯಾಗೋ ಸ್ಟೇಟ್ ಯೂನಿವರ್ಸಿಟಿಯ ಪಿಚರ್ ಸ್ಟೀಫನ್ ಸ್ಟ್ರಾಸ್‌ಬರ್ಗ್. ಇಪ್ಪತ್ತು ವರ್ಷದ ಹುಡುಗ. ಗಂಟೆಗೆ ನೂರು ಮೈಲಿ, ಅಂದರೆ 161 ಕಿಲೋಮೀಟರ್ ವೇಗದಲ್ಲಿ ಚೆಂಡೆಸೆಯಬಲ್ಲವನು. ಪಿಚರ್ ನಿಲ್ಲುವ ಜಾಗದಿಂದ ಬ್ಯಾಟರ್ ಮುಂದಿನ ಹೋಮ್ ಪ್ಲೇಟ್‌ಗೆ 60 ಅಡಿ 6 ಇಂಚು. ನೂರು ಮೈಲಿಯ ಚೆಂಡು ಬ್ಯಾಟರ್ ಹತ್ತಿರ ಬರಲು ಸುಮಾರು 0.4 ಸೆಕೆಂಡ್ ಸಾಕು. ಹೊಡೆಯಬೇಕೋ ಬಿಡಬೇಕೋ ಅಂತ ಅಷ್ಟರೊಳಗೇ ತೀರ್ಮಾನ ಆಗಬೇಕು.

ಇನ್ನೊಂದು ತಿಂಗಳಲ್ಲಿ ಡ್ರಾಫ್ಟ್ ಇತ್ತು, ದೊಡ್ಡ ಲೀಗಿನ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಪದ್ಧತಿ. ನಮ್ಮ ಐಪಿಎಲ್ ಹರಾಜಿನ ಹಾಗಲ್ಲ ಅದು. ಅದೇ ಫೆಬ್ರವರಿಯಲ್ಲಿ ಬೆಂಗಳೂರು ತಂಡ ಕೆವಿನ್ ಪೀಟರ್ಸನ್‌ಗೆ 15.5 ಲಕ್ಷ ಡಾಲರ್ ಕೂಗಿ ಕೊಂಡಿತ್ತು. ಇಲ್ಲಿ ಕೂಗುವ ಹಾಗಿಲ್ಲ. ಆಗೆಲ್ಲ ಹಿಂದಿನ ವರ್ಷ ಅತಿ ಹೆಚ್ಚು ಸೋತ ತಂಡಕ್ಕೆ ಮೊದಲ ಆಯ್ಕೆ ಸಿಗುತ್ತಿತ್ತು. 2008ರಲ್ಲಿ 102 ಪಂದ್ಯ ಸೋತ ವಾಷಿಂಗ್ಟನ್ ನ್ಯಾಷನಲ್ಸ್‌ಗೆ ಆ ಸರದಿ ಬಂದಿತ್ತು. ಅವರು ಈ ಹುಡುಗನನ್ನೇ ಆರಿಸುತ್ತಾರೆ ಅಂತ ಊರಿಗೆಲ್ಲ ಗೊತ್ತಿತ್ತು.

“ನಿಮ್ಮ ತಂಡಕ್ಕೆ ಇವನು ಸಿಗೋದೇ ಇಲ್ಲ ಅಲ್ವಾ? ಮತ್ತೆ ಯಾಕೆ ಹೋಗ್ತಿದ್ದೀರಿ?” ಕಾರಿನಲ್ಲಿ ಕೇಳಿದೆ.

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು. “ಇವನು ಹೈಸ್ಕೂಲಿನಲ್ಲಿದ್ದಾಗ ನಾನೂ ನೋಡಿದ್ದೆ. ‘ಮೈ ಜಾಸ್ತಿ, ಬೇಗ ಸುಸ್ತಾಗುತ್ತಾನೆ’ ಅಂತ ಎರಡು ಸಾಲು ಬರೆದು ಪುಸ್ತಕ ಮುಚ್ಚಿಬಿಟ್ಟೆ.”

ಹಾಗೆ ಮುಚ್ಚಿದವರು ಅವರೊಬ್ಬರೇ ಅಲ್ಲ. ಸ್ಟ್ರಾಸ್‌ಬರ್ಗ್ ಓದಿದ ಹೈಸ್ಕೂಲು ಪಕ್ಕದ ಸ್ಯಾಂಟೀಯಲ್ಲೇ ಇದೆ. 2006ರಲ್ಲಿ ಅವನು ಅಲ್ಲಿಂದ ಹೊರಬಂದಾಗ ಯಾವ ತಂಡವೂ ಡ್ರಾಫ್ಟ್‌ನಲ್ಲಿ ಅವನ ಹೆಸರು ಹೇಳಲಿಲ್ಲ. ಕಾಲೇಜಿಗೆ ಬಂದು ಮೈ ಇಳಿಸಿದ, ಬೆವರು ಸುರಿಸಿದ, ವೇಗ ಏರುತ್ತಾ ಹೋಯಿತು. 2008ರ ಏಪ್ರಿಲ್‌ನಲ್ಲಿ ಯೂಟಾ ವಿರುದ್ಧ ಒಂದೇ ಪಂದ್ಯದಲ್ಲಿ 23 ಸ್ಟ್ರೈಕ್‌ಔಟ್, ಅಂದರೆ ಚೆಂಡು ಹೊಡೆಯಲಾಗದೆ ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟಾಗುವುದು. ಅದೇ ವರ್ಷ ಬೀಜಿಂಗ್ ಒಲಿಂಪಿಕ್ಸ್‌ನ ಅಮೆರಿಕ ತಂಡದಲ್ಲಿ ಇವನೊಬ್ಬನೇ ಕಾಲೇಜು ಆಟಗಾರ. ಎರಡು ಸಾಲಿನಲ್ಲಿ ಮುಗಿಸಿದ್ದ ಹುಡುಗ ಅಲ್ಲಿಗೆ ಹೋಗಿ ಮುಟ್ಟಿದ್ದ. ತಾತನಿಗೆ ಅದು ಮೂರು ವರ್ಷದಿಂದ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಸರಿಯಾಗಿ ಒಮ್ಮೆ ನೋಡಬೇಕು ಅನ್ನೋದಷ್ಟೇ ಅವರ ಆಸೆ.

ಟೋನಿ ಗ್ವಿನ್ ಸ್ಟೇಡಿಯಂ ಸಣ್ಣದು. ಅಂದು ಕಾಲಿಡಲು ಜಾಗವಿರಲಿಲ್ಲ. ಊರಿನಲ್ಲಿ ಅದು ಅವನ ಕೊನೆಯ ಕಾಲೇಜು ಪಂದ್ಯ, ಎದುರಾಳಿ ಏರ್ ಫೋರ್ಸ್ ಅಕಾಡೆಮಿಯ ಹುಡುಗರು. ಸ್ಟೇಡಿಯಂಗೆ ಯಾರ ಹೆಸರಿಟ್ಟಿದ್ದಾರೋ ಆ ಟೋನಿ ಗ್ವಿನ್ ಅವರೇ ತಂಡದ ಕೋಚ್. ಊರಿನ ದೊಡ್ಡ ಲೀಗ್ ತಂಡ ಪಾಡ್ರೆಸ್ ಪರ ಇಪ್ಪತ್ತು ವರ್ಷ ಆಡಿ 3,141 ಹಿಟ್ (ಚೆಂಡು ಹೊಡೆದು ಬೇಸ್ ಮುಟ್ಟುವುದು) ಹೊಡೆದವರು. ಅವರನ್ನು ಅಷ್ಟು ಹತ್ತಿರದಿಂದ ನೋಡಿದ್ದೇ ನನಗೆ ಒಂದು ಭಾಗ್ಯ.

ಹೋಮ್ ಪ್ಲೇಟ್ ಹಿಂದಿನ ಸಾಲುಗಳಲ್ಲಿ ಸ್ಕೌಟ್‌ಗಳು ತುಂಬಿದ್ದರು. ಹುಡುಗ ಕಾಲೆತ್ತಿದ ಕೂಡಲೇ ಅಷ್ಟೂ ಗನ್‌ಗಳು ಒಟ್ಟಿಗೆ ಮೇಲೇಳುತ್ತಿದ್ದವು. ಚೆಂಡು ಕ್ಯಾಚರ್‌ನ ಗ್ಲೋವ್‌ಗೆ ಬಡಿದಾಗ ಬಂದ ಸದ್ದು ನನಗೆ ಹೊಸದು. ನಾನೂ ಮೈಸೂರಿನಲ್ಲಿ ಕಾಲೇಜು ತಂಡಕ್ಕೆ ಫಾಸ್ಟ್ ಬೌಲಿಂಗ್ ಮಾಡಿದವನು. ಕೀಪರ್ ಕೈಗೆ ಚೆಂಡು ಬೀಳುವ ಸದ್ದು ಚೆನ್ನಾಗಿ ಗೊತ್ತು. ಇದು ಹಾಗಿರಲಿಲ್ಲ. ಒಣ ಹಲಗೆ ಎರಡಾಗಿ ಸೀಳಿದ ಹಾಗಿತ್ತು.

ನನ್ನ ಕೆಲಸ ಸುಲಭ. ಗನ್ ಹಿಡಿಯೋದು, ಬಂದ ಸಂಖ್ಯೆಯನ್ನು ನೋಟ್‌ಬುಕ್‌ನಲ್ಲಿ ಬರೆಯೋದು. ಎಲ್ಲ ನೂರರ ಆಸುಪಾಸು. ಬರೆಯುವಾಗ ನನ್ನ ಕೈ ನಡುಗುತ್ತಿತ್ತು. ನಡುನಡುವೆ ಬಾಗುವ ಚೆಂಡು ಬರುತ್ತಿತ್ತು. ಬ್ಯಾಟರ್ ಎದೆಯ ಕಡೆಗೆ ಹೊರಟದ್ದು ಕೊನೇ ಗಳಿಗೆಯಲ್ಲಿ ಕೆಳಗೆ ಜಾರುತ್ತಿತ್ತು. ಬೀಸಿದ ಬ್ಯಾಟ್‌ಗೆ ಗಾಳಿ ಮಾತ್ರ ಸಿಗುತ್ತಿತ್ತು.

ಮೂರನೇ ಇನ್ನಿಂಗ್ಸ್ ಮುಗಿದಾಗ ತಾತ ನನ್ನ ಕೈ ಮುಟ್ಟಿದರು. “ಸಾಕು. ಗನ್ ತೊಡೆಯ ಮೇಲಿಡು. ಆ ಸಂಖ್ಯೆ ಇಲ್ಲಿರೋ ಎಲ್ಲರ ಹತ್ತಿರವೂ ಇದೆ. ಇನ್ನು ಹುಡುಗನನ್ನು ನೋಡು.”

ಎದ್ದು ಮೂರನೇ ಬೇಸ್ ಕಡೆಗೆ ಹೋದೆವು. ಬಲಗೈ ಪಿಚರ್‌ನ ಎದೆ, ಕೈ ಎರಡೂ ಅಲ್ಲಿಂದ ಪೂರ್ತಿ ಕಾಣುತ್ತವೆ. ಅಲ್ಲಿ ನಿಂತು ತಾತ ಪಿಸುಮಾತಿನಲ್ಲಿ ಪಾಠ ಮಾಡಿದರು. ಕ್ಯಾಚರ್ ಗ್ಲೋವ್ ಎಷ್ಟು ಅಲುಗುತ್ತದೆ ನೋಡು. ಅಲುಗದಿದ್ದರೆ ಇವನು ಹೇಳಿದ ಜಾಗಕ್ಕೇ ಹಾಕುತ್ತಿದ್ದಾನೆ ಅಂತ ಅರ್ಥ. ಬ್ಯಾಟರ್‌ಗೆ ವಾಕ್, ಅಂದರೆ ನಾಲ್ಕು ಕೆಟ್ಟ ಎಸೆತಕ್ಕೆ ಪುಕ್ಕಟೆ ಬೇಸ್, ಸಿಕ್ಕಿದ ಮೇಲೆ ಇವನ ಭುಜ ನೋಡು, ಮುಖ ಬೇಡ. ಮುಖ ಸುಳ್ಳು ಹೇಳುತ್ತದೆ. ಏಳನೇ ಇನ್ನಿಂಗ್ಸ್‌ನಲ್ಲಿ ಕಾಲು ಮೊದಲಿನಷ್ಟೇ ಮೇಲೆ ಬರುತ್ತಾ? ಡಗ್‌ಔಟ್‌ನಲ್ಲಿ ಒಬ್ಬನೇ ಕೂರುತ್ತಾನಾ?

ಆಮೇಲೆ ಕೈಯ ವಿಷಯಕ್ಕೆ ಬಂದರು. “ಎಡಗಾಲು ನೆಲ ಮುಟ್ಟಿದಾಗ ಬಲಗೈ ಎಲ್ಲಿದೆ, ಅದನ್ನಷ್ಟೇ ನೋಡು.” ನಾಲ್ಕು ಎಸೆತ ನೋಡಿದೆ, ತಿಳಿಯಲಿಲ್ಲ. ಐದನೆಯದಕ್ಕೆ ಕಾಣಿಸಿತು. ಮೊಣಕೈ ಭುಜದ ಮಟ್ಟಕ್ಕೆ ಬಂದಿದೆ, ಚೆಂಡು ಹಿಡಿದ ಮುಂಗೈ ಇನ್ನೂ ಕೆಳಗೇ ಇದೆ. ಕಾಲು ಊರಿ ಆಗಿದೆ, ಮೈ ತಿರುಗುತ್ತಿದೆ, ಕೈ ಹಿಂದಿನಿಂದ ಓಡಿ ಬಂದು ಸೇರಿಕೊಳ್ಳುತ್ತಿದೆ. ಇದರಿಂದ ಮೊಣಕೈಗೆ ಪೆಟ್ಟು ಅಂತ ತಾತನ ಅನುಮಾನ. ಎಲ್ಲರೂ ಒಪ್ಪುವುದಿಲ್ಲ, ಈಗಲೂ ಈ ವಾದ ಮುಗಿದಿಲ್ಲ. ಮೊಣಕೈ ಒಳಬದಿಯ ಸಣ್ಣ ಸ್ನಾಯುಬಂಧ ಹರಿದರೆ ಮುಂಗೈಯಿಂದಲೋ ಬೇರೆಡೆಯಿಂದಲೋ ಸ್ನಾಯುರಜ್ಜು ತೆಗೆದು ಹೊಲಿಯಬೇಕು. 1974ರಲ್ಲಿ ಡಾಕ್ಟರ್ ಫ್ರ್ಯಾಂಕ್ ಜೋಬ್ ಮೊದಲ ಸಲ ಮಾಡಿದ್ದು ಟಾಮಿ ಜಾನ್ ಎಂಬ ಪಿಚರ್‌ಗೆ. ಆಪರೇಷನ್‌ಗೆ ಅವನ ಹೆಸರೇ ಉಳಿದಿದೆ. ಮತ್ತೆ ಎಸೆಯಲು ಒಂದು ವರ್ಷ, ಕೆಲವರಿಗೆ ಒಂದೂವರೆ ವರ್ಷ ಬೇಕು.

ನನಗೆ ಜಾವಗಲ್ ಶ್ರೀನಾಥ್ ನೆನಪಾದರು. 1997ರಲ್ಲಿ ಅವರ ಭುಜಕ್ಕೆ ಆಪರೇಷನ್ ಆದಾಗ ಮೈಸೂರಿನಲ್ಲಿ ನಾವೆಲ್ಲ ಮನೆಯವರಿಗೇ ಏನೋ ಆದ ಹಾಗೆ ಚಡಪಡಿಸಿದ್ದೆವು. ಅವರು ವಾಪಸ್ ಬಂದರು, 2003ರ ವಿಶ್ವಕಪ್‌ವರೆಗೂ ಆಡಿದರು. ಆದರೆ ಆ ಕಾಯುವ ತಿಂಗಳುಗಳನ್ನು ನಾನು ಮರೆತಿಲ್ಲ. ಅಂದಿನಿಂದ ಯಾರೇ ವೇಗವಾಗಿ ಚೆಂಡೆಸೆದರೂ ಖುಷಿಯ ಜೊತೆಗೇ ಹೊಟ್ಟೆಯೊಳಗೆ ಒಂದು ಅಳುಕು. ತಾತನಿಗೆ ಇದನ್ನು ಹೇಳಿದೆ. ಅವರು ಸುಮ್ನೆ ನನ್ನ ಬೆನ್ನು ತಟ್ಟಿದರು.

ಎಂಟನೇ ಇನ್ನಿಂಗ್ಸ್ ಹೊತ್ತಿಗೆ ಏರ್ ಫೋರ್ಸ್ ಕಡೆಯಿಂದ ಒಂದೇ ಒಂದು ಹಿಟ್ ಇರಲಿಲ್ಲ. ಆ ಮಾತನ್ನು ಬಾಯಿಬಿಟ್ಟು ಹೇಳಬಾರದು ಅನ್ನುವ ನಂಬಿಕೆ ಬೇಸ್‌ಬಾಲ್‌ನಲ್ಲಿದೆ. ಹೇಳಿದರೆ ದೃಷ್ಟಿ ತಾಗುತ್ತದಂತೆ. ಜನ ನಿಂತೇ ಇದ್ದರು. ನಾನು ಬೆರಳು ಮಡಚಿಕೊಂಡು ನಿಂತಿದ್ದೆ. ಕೊನೆಗೂ ಆಗೇ ಹೋಯಿತು. ಅವನ ಕಾಲೇಜು ಜೀವನದ ಮೊದಲ ನೋ ಹಿಟ್ಟರ್. 27 ಔಟ್‌ಗಳಲ್ಲಿ 17 ಸ್ಟ್ರೈಕ್‌ಔಟ್. ಅವನ ತಂಡದ ಹುಡುಗರು ಅವನ ಮೇಲೆ ಬಿದ್ದು ಅಪ್ಪಿಕೊಂಡರು. ಸ್ಕೌಟ್‌ಗಳು ಚಪ್ಪಾಳೆ ಹೊಡೆಯುವುದಿಲ್ಲ, ಅದು ಅವರ ರೂಢಿ. ತಾತನೂ ಹೊಡೆಯಲಿಲ್ಲ. ಆದರೆ ನನ್ನ ತೋಳನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದರು ಅಂದರೆ ಮಾರನೇ ದಿನವೂ ನೋಯುತ್ತಿತ್ತು.

ಮನೆಗೆ ಬಂದು ಅವರ ಅಡುಗೆಮನೆಯ ಟೇಬಲ್ ಮೇಲೆ ವರದಿ ಬರೆದರು. ಸ್ಕೌಟ್‌ಗಳ ಅಂಕ 20ರಿಂದ 80ರವರೆಗೆ, 50 ಅಂದರೆ ದೊಡ್ಡ ಲೀಗಿನ ಸಾಧಾರಣ ಆಟಗಾರ. ಫಾಸ್ಟ್‌ಬಾಲ್‌ಗೆ ಅವರು 80 ಹಾಕಿದರು. ಅಷ್ಟು ವರ್ಷದಲ್ಲಿ ತೀರಾ ಕೆಲವರಿಗೆ ಮಾತ್ರ ಕೊಟ್ಟ ಅಂಕ ಅಂದರು. ನಾನು ತಡೆಯಲಾರದೆ ಕೇಳಿದೆ. “ಆ ಕೈ ಮುರಿಯುತ್ತೆ ಅನ್ನೋದು ಗ್ಯಾರಂಟಿ ಗೊತ್ತಿದ್ದರೂ ಇವನನ್ನೇ ಮೊದಲು ಆರಿಸ್ತೀರಾ?”

“ಇವನನ್ನೇ,” ಅಂದರು. ಯೋಚನೆ ಮಾಡಲಿಲ್ಲ.

ಜೂನ್ 9ಕ್ಕೆ ನ್ಯಾಷನಲ್ಸ್ ಅವನನ್ನು ಆರಿಸಿತು. ಮಾತುಕತೆ ಎಳೆದಾಡಿ, ಆಗಸ್ಟ್‌ನ ಗಡುವಿಗೆ ಒಂದೆರಡು ನಿಮಿಷವಷ್ಟೇ ಉಳಿದಿದ್ದಾಗ 1.51 ಕೋಟಿ ಡಾಲರ್‌ಗೆ ಸಹಿ ಬಿತ್ತು. 2010ರ ಜೂನ್ 8ರಂದು ದೊಡ್ಡ ಲೀಗಿನ ಮೊದಲ ಪಂದ್ಯದಲ್ಲೇ 14 ಸ್ಟ್ರೈಕ್‌ಔಟ್. ಅದೇ ಆಗಸ್ಟ್ 21ರಂದು ಫಿಲಡೆಲ್ಫಿಯಾದಲ್ಲಿ ಒಂದು ಎಸೆತದ ನಂತರ ಅವನು ಕೈ ಕೊಡವಿದ. ನಾನು ಟೀವಿ ಮುಂದೆ ಎದ್ದು ನಿಂತೆ. ಮೊಣಕೈ. ಟಾಮಿ ಜಾನ್ ಆಪರೇಷನ್. ಅವತ್ತು ತಾತನ ಮನೆಗೆ ಹೋದರೆ ಅವರು ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ತನ್ನ ಮಾತು ನಿಜವಾಯಿತು ಅನ್ನುವ ಭಾವ ಅವರ ಮುಖದಲ್ಲಿ ಚೂರೂ ಇರಲಿಲ್ಲ.

ಸ್ಟ್ರಾಸ್‌ಬರ್ಗ್ ವಾಪಸ್ ಬಂದ. 2019ರಲ್ಲಿ ವಾಷಿಂಗ್ಟನ್‌ಗೆ ಲೀಗಿನ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದುಕೊಟ್ಟು ಸರಣಿಯ ಶ್ರೇಷ್ಠ ಆಟಗಾರನಾದ. ಆಗ ತಮ್ಮ ಮಗಳ ಜೊತೆ ಅರಿಜೋನಾದಲ್ಲಿದ್ದ ತಾತ ಆರನೇ ಪಂದ್ಯದ ನಡುವೆ ಫೋನ್ ಮಾಡಿದರು. “ಸ್ಪೀಡ್ ನೋಡ್ತಿದ್ದೀಯಾ?” “ಇಲ್ಲ ತಾತ, ಗ್ಲೋವ್ ನೋಡ್ತಿದ್ದೀನಿ.” ಮೊದಲ ಇನ್ನಿಂಗ್ಸ್‌ನ ನಂತರ ಅವನು ಎಸೆಯುವ ಮೊದಲು ಗ್ಲೋವ್ ಅಲ್ಲಾಡಿಸಲು ಶುರು ಮಾಡಿದ್ದ, ಯಾವ ಚೆಂಡು ಅಂತ ಬ್ಯಾಟರ್‌ಗಳಿಗೆ ಸುಳಿವು ಸಿಗದಿರಲಿ ಅಂತ. ತಾತ ಜೋರಾಗಿ ನಕ್ಕರು. ಆಮೇಲೆ 24.5 ಕೋಟಿ ಡಾಲರ್‌ನ ಹೊಸ ಒಪ್ಪಂದ, ಹಿಂದೆಯೇ ಕೈ, ಭುಜದ ನರಗಳ ತೊಂದರೆ. ಆ ಒಪ್ಪಂದದಡಿ ಅವನು ಆರಂಭಿಸಿದ್ದು ಎಂಟೇ ಪಂದ್ಯ. 2024ರ ಏಪ್ರಿಲ್‌ನಲ್ಲಿ ನಿವೃತ್ತಿ.

ಆ ಸುದ್ದಿ ಓದಿದ ದಿನ ಹಳೇ ನೋಟ್‌ಬುಕ್ ಹುಡುಕಿ ತೆಗೆದೆ. ಮೂರು ಇನ್ನಿಂಗ್ಸ್‌ವರೆಗೆ ಒತ್ತೊತ್ತಾಗಿ ಸಂಖ್ಯೆಗಳು. ಆಮೇಲೆ ಸ್ಪೀಡ್ ಕಾಲಂ ಖಾಲಿ. ಅದರ ಪಕ್ಕ ಕತ್ತಲಲ್ಲಿ ಗೀಚಿದ ನನ್ನ ಕನ್ನಡ ಅಕ್ಷರ: “ಕಾಲು ಊರಿತು. ಕೈ ಇನ್ನೂ ಕೆಳಗೆ.” ಏನು ಬರೆದೆ ಅಂತ ತಾತ ಅಂದು ಕೇಳಿದ್ದರು. ಇಂಗ್ಲಿಷ್‌ನಲ್ಲಿ ಹೇಳಿದ್ದೆ. ಅವರು ತಮಗೆ ಓದಲು ಬಾರದ ಆ ಸಾಲಿನ ಕೆಳಗೆ ತಮ್ಮ ಪೆನ್ನಿನಿಂದ ಗೆರೆ ಎಳೆದಿದ್ದರು.