ಕೊನೆಗೂ ಕರಗಿದ ಯೂರೋಮಾಡ್ಯುಲಿನ್

ಅಂತೂ ಕರಗಿತು! ಯೂರೋಮಾಡ್ಯುಲಿನ್ ಅಂದರೆ ಕಿಡ್ನಿ ತಯಾರಿಸಿ ಮೂತ್ರಕ್ಕೆ ಬಿಡುವ ಒಂದು ಪ್ರೋಟೀನ್. ಮೂತ್ರದಿಂದ ಅದನ್ನು ಬೇರ್ಪಡಿಸುವುದು ಕಷ್ಟವೇನಲ್ಲ. 1950ರಲ್ಲಿ ವಿಜ್ಞಾನಿಗಳಾದ ಟ್ಯಾಮ್ ಮತ್ತು ಹಾರ್ಸ್‌ಫಾಲ್ ತೋರಿಸಿದ ದಾರಿಯೇ ಸಾಕು. ಲೀಟರಿಗೆ ಸುಮಾರು 34 ಗ್ರಾಂ ಉಪ್ಪು, ರಾತ್ರಿಯೆಲ್ಲ ಫ್ರಿಜ್, ಬೆಳಿಗ್ಗೆ ಸೆಂಟ್ರಿಫ್ಯೂಜ್. ತಳದಲ್ಲಿ ಸಿಗುವ ಬಿಳಿ ಲೋಳೆ ನೀರಿನಲ್ಲಿ ಕರಗಬೇಕು. ನಮ್ಮದು ಗಂಜಿಯ ಕೆನೆ ಥರ ಎಳೆ ಎಳೆಯಾಗಿ ತೇಲುತ್ತಲೇ ಇತ್ತು.

ಅದು ಕರಗದಿದ್ದರೆ ಪ್ರಯೋಗವೇ ಇಲ್ಲ. ಮೂತ್ರದ ಸೋಂಕು ತರುವ ಈ.ಕೋಲಿ ಬ್ಯಾಕ್ಟೀರಿಯಾ ತನ್ನ ಮೈಮೇಲಿನ ಕೂದಲಿನಂಥ ಎಳೆಯ (ಟೈಪ್ 1 ಫಿಂಬ್ರಿಯಾ) ತುದಿಯಿಂದ ಜೀವಕೋಶದ ಮೇಲಿನ ಮ್ಯಾನೋಸ್ ಎಂಬ ಸಕ್ಕರೆಯನ್ನು ಹಿಡಿಯುತ್ತದೆ. ಯೂರೋಮಾಡ್ಯುಲಿನ್ ಮೈಮೇಲೂ ಮ್ಯಾನೋಸ್ ಇದೆ. ಬ್ಯಾಕ್ಟೀರಿಯಾ ಅದಕ್ಕೇ ಅಂಟಿದರೆ ಮೂತ್ರದ ಜೊತೆ ಹೊರಗೆ, ಕಿಡ್ನಿ ಬಚಾವ್. ಕೋಲಾರದ ನಮ್ಮ ಕಾಲೇಜು ಲ್ಯಾಬಿನಲ್ಲಿ ಕಿಡ್ನಿ ಜೀವಕೋಶ ಬೆಳೆಸಲು ಆಗುವುದಿಲ್ಲ. ಬದಲಿಗೆ ಬೇಕರಿ ಯೀಸ್ಟ್. ಅದರ ಹೊರಗೋಡೆಯಲ್ಲೂ ಮ್ಯಾನೋಸ್ ಬೇಕಾದಷ್ಟಿದೆ, ಅಲ್ವಾ?

ತೊಂದರೆ ಇದ್ದದ್ದು ನೀರಿನಲ್ಲಿ. ಕ್ಯಾಲ್ಸಿಯಂ ಇದ್ದರೆ ಈ ಪ್ರೋಟೀನಿನ ಎಳೆಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಅಂಗಡಿಯವರು ಡಿಸ್ಟಿಲ್ಡ್ ವಾಟರ್ ಅಂತ ಕೊಟ್ಟ ಕ್ಯಾನಿಗೆ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಇಟ್ಟರೆ ಮೂರಂಕಿ! ಸೊನ್ನೆಯ ಆಸುಪಾಸು ಇರಬೇಕಿತ್ತು. ಬೋರ್‌ವೆಲ್ ನೀರು ನಮ್ಮೂರಲ್ಲೇ ಇದೆ, ಅದಕ್ಕೆ ಬಿಲ್ ಯಾಕೆ? ಕೊನೆಗೆ ಲ್ಯಾಬಿನ ಗಾಜಿನ ಸೆಟ್‌ನಲ್ಲೇ ನೀರು ಬಟ್ಟಿ ಇಳಿಸಿ, ಕ್ಯಾಲ್ಸಿಯಂ ಹಿಡಿದಿಡುವ ಇಡಿಟಿಎ ಚೂರು ಹಾಕಿ, ಪಿಹೆಚ್ 8ಕ್ಕೆ ತಂದೆವು. ಟ್ಯೂಬ್ ಬೆಳಕಿಗೆ ಹಿಡಿದರೆ ಪೂರ್ತಿ ತಿಳಿ.

ಆಮೇಲೆ ಸ್ಲೈಡ್. ಅಲ್ಲಾಡಿಸದೆ ಬೆಳೆಸಿದ ಕೆ-12 (ಲ್ಯಾಬಿನಲ್ಲಿ ಬಳಸುವ ಈ.ಕೋಲಿ ತಳಿ) ಜೊತೆ ಯೀಸ್ಟ್ ಸೇರಿಸಿದರೆ ಕಣ್ಣಿಗೆ ಕಾಣುವಷ್ಟು ದಪ್ಪ ಗಂಟು. ಬರೀ ಇಡಿಟಿಎ ಹಾಕಿದ ಹನಿಯಲ್ಲೂ ಗಂಟು. ಯೂರೋಮಾಡ್ಯುಲಿನ್ ಮೊದಲೇ ಬೆರೆಸಿದ ಹನಿ ಮಾತ್ರ ಎಷ್ಟು ಓಲಾಡಿಸಿದರೂ ನುಣ್ಣಗೇ ಉಳಿಯಿತು. ಮೈಕ್ರೋಸ್ಕೋಪಿನಲ್ಲಿ ಯೀಸ್ಟ್ ಬಿಡಿಬಿಡಿ, ಬ್ಯಾಕ್ಟೀರಿಯಾ ಅಲ್ಲಲ್ಲಿ ಪುಟ್ಟ ಗುಂಪು. ಈ ಪ್ರೋಟೀನ್ ಇಲ್ಲದ ಇಲಿಗಳಿಗೆ ಇಂಥ ಈ.ಕೋಲಿ ಸೋಂಕು ಬೇಗ ತಗಲುತ್ತದೆ ಎಂದು 2004ರಲ್ಲೇ ತೋರಿಸಿದ್ದಾರೆ. ಆದರೂ ನಮ್ಮ ಹನಿಯಲ್ಲೇ ನೋಡುವ ಖುಷಿ ಬೇರೆ.

ಒಂದು ಮಾತು. ಕಿಡ್ನಿವರೆಗೆ ಏರುವ ಎಷ್ಟೋ ತಳಿಗಳಿಗೆ ಪಿ ಫಿಂಬ್ರಿಯಾ ಇರುತ್ತದೆ. ಅದು ಹಿಡಿಯುವ ಸಕ್ಕರೆಯೇ ಬೇರೆ. ಅಲ್ಲಿ ಯೂರೋಮಾಡ್ಯುಲಿನ್ ಆಟ ಅಷ್ಟಾಗಿ ನಡೆಯುವುದಿಲ್ಲ.

ಉಳಿದ ಯೂರೋಮಾಡ್ಯುಲಿನ್ ಫ್ರಿಜ್‌ನಲ್ಲಿದೆ. ಕಿಡ್ನಿ ಕಲ್ಲಿನಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಒಂದಕ್ಕೊಂದು ಅಂಟುವುದನ್ನೂ ಇದು ತಡೆಯುತ್ತದೆ. ಕಲ್ಲಿಗೆ ಬಾಳೆದಿಂಡಿನ ರಸ ಕುಡಿಯಿರಿ ಅನ್ನುತ್ತಾರಲ್ಲ, ಮುಂದೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು.

ಅದಕ್ಕೂ ಮುಂಚೆ ಮ್ಯಾನೋಸ್ ಕಂಟ್ರೋಲ್ ಆಗಬೇಕು, ಅಂದರೆ ಹನಿಗೆ ಬಿಡಿ ಮ್ಯಾನೋಸ್ ಹಾಕಿದರೆ ಗಂಟು ಕಟ್ಟುವುದು ನಿಲ್ಲುತ್ತದೆಯೇ ಎಂದು ನೋಡಬೇಕು. ಆರ್ಡರ್ ಮಾಡಿದ್ದು ಮ್ಯಾನೋಸ್, ಸಪ್ಲೈಯರ್ ಕಳಿಸಿದ್ದು ಮ್ಯಾನಿಟಾಲ್. ವಾಪಸ್ ಹೋಗಿದೆ. ಅಲ್ಲಿಯವರೆಗೆ ಗಂಟು ಕಟ್ಟಿದ್ದು ಟೈಪ್ 1 ಫಿಂಬ್ರಿಯಾವೇ ಎಂದು ಖಡಾಖಂಡಿತವಾಗಿ ಹೇಳಲಾರೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಯಾರ ಹತ್ತಿರವಾದರೂ ಒಂದೆರಡು ಗ್ರಾಂ ಡಿ-ಮ್ಯಾನೋಸ್ ಇದ್ದರೆ ತಿಳಿಸಿ, ನಾನೇ ಬಂದು ತೆಗೆದುಕೊಳ್ಳುತ್ತೇನೆ.