ಎಲ್‌ಇಡಿ ಕೆಳಗೆ ಏನು ಬೆಳೆಯಬಹುದು, ಏನು ಬೇಡ

ಧಾರವಾಡದಲ್ಲಿ ಕೃಷಿ ಓದಿದ ಹುಡುಗರು ಸಿಕ್ಕರೆ ಈಗ ಒಂದೇ ಪ್ರಶ್ನೆ. ಖಾಲಿ ಗೋಡೌನ್ ಇದೆ ಸರ್, ಎಲ್‌ಇಡಿ ಹಾಕಿ ಒಳಗೇ ಬೆಳೆ ತೆಗೆಯಬಹುದಾ? ತೆಗೆಯಬಹುದು. ಆದರೆ ಮೊದಲು ಕರೆಂಟಿನ ಲೆಕ್ಕ ಹಾಕಿ.

ಸಲಾಡಿಗೆ ಹಾಕುವ ಲೆಟ್ಯೂಸ್ ಸೊಪ್ಪನ್ನೇ ತಗೊಳ್ಳಿ. ಒಂದು ಚದರ ಮೀಟರ್ ಜಾಗಕ್ಕೆ ಸೆಕೆಂಡಿಗೆ ಸುಮಾರು 250 ಮೈಕ್ರೋಮೋಲ್ ಬೆಳಕು ಬೇಕು, ಅದೂ ದಿನಕ್ಕೆ 16 ಗಂಟೆ. ಗಿಡಕ್ಕೆ ಬೇಕಾದ ಬೆಳಕನ್ನು ಅಳೆಯುವುದೇ ಮೈಕ್ರೋಮೋಲ್‌ನಲ್ಲಿ. ಡಬ್ಬಿ ಮೇಲೆ ಬರೆದಿರುವ ಲ್ಯೂಮೆನ್ ನಮ್ಮ ಕಣ್ಣಿನ ಲೆಕ್ಕ, ಗಿಡಕ್ಕೆ ಅದು ಸಂಬಂಧವಿಲ್ಲ. ಒಂದು ಜೂಲ್ ಕರೆಂಟಿಗೆ (ಒಂದು ವ್ಯಾಟ್ ಒಂದು ಸೆಕೆಂಡ್ ಉರಿದಷ್ಟು) 2.5 ಮೈಕ್ರೋಮೋಲ್ ಕೊಡುವ ಒಳ್ಳೆಯ ದೀಪವಾದರೂ 100 ವ್ಯಾಟ್ ಬೇಕು, ಅಂದರೆ ದಿನಕ್ಕೆ 1.6 ಯೂನಿಟ್, ಐದು ವಾರದ ಬೆಳೆಗೆ 56 ಯೂನಿಟ್. ಇದು ಬರೀ ಒಂದು ಚದರ ಮೀಟರಿಗೆ! ದೀಪ ಎಳೆದ ಕರೆಂಟೆಲ್ಲ ಕೊನೆಗೆ ಕೋಣೆಯಲ್ಲಿ ಬಿಸಿಯಾಗಿ ನಿಲ್ಲುತ್ತದೆ, ಅದನ್ನು ಹೊರಗೆ ಹಾಕಲು ಎಸಿ ಬೇರೆ, ಹುಬ್ಬಳ್ಳಿಯ ಏಪ್ರಿಲ್‌ನಲ್ಲಿ ಎಸಿ ಬಿಲ್ ಎಷ್ಟಾಗುತ್ತದೆ ಅಂತ ಹೇಳಬೇಕಾಗಿಲ್ಲ. ಹೊರಗೆ ಮಧ್ಯಾಹ್ನದ ಬಿಸಿಲು ಹತ್ತಿರ ಹತ್ತಿರ 2000 ಮೈಕ್ರೋಮೋಲ್ ಸುಮ್ನೆ ಸುರಿಯುತ್ತಿರುತ್ತದೆ. ಜೋಳ, ಮೆಣಸಿನಕಾಯಿಯನ್ನು ಒಳಗೆ ಬೆಳೆಯುವ ಮಾತೇ ಬೇಡ. ಜೋಳದಲ್ಲಿ ಕಾಳಿನ ಜೊತೆ ಕಣಿಕಿಗೂ, ಅಂದರೆ ದಂಟಿಗೂ, ಕರೆಂಟ್ ಬೆಳಕು ಉಣಿಸಬೇಕಾಗುತ್ತದೆ.

ಹಾಗಂತ ಎಲ್‌ಇಡಿ ನಮಗೆ ಬೇಡ ಅಂತಲ್ಲ. ಗಿಡ ಚಿಕ್ಕದಿದ್ದು, ಜಾಗ ಕಡಿಮೆ ಹಿಡಿದು, ಒಂದೊಂದಕ್ಕೂ ಬೆಲೆ ಜಾಸ್ತಿ ಇರುವ ಕಡೆ ಅದು ಲಾಭದ್ದೇ. ಬಾಳೆಯ ಅಂಗಾಂಶ ಕೃಷಿ, ಅಂದರೆ ಗಿಡದ ಚಿಕ್ಕ ಚೂರಿನಿಂದ ಸಸಿ ಮಾಡುವ ಲ್ಯಾಬಿನಲ್ಲಿ ಬಾಟಲಿಗಳಿಗೆ ಮಂದ ಬೆಳಕು ಸಾಕು. ಹಾವೇರಿ, ರಾಣೆಬೆನ್ನೂರು ಕಡೆ ನರ್ಸರಿಗಳಲ್ಲಿ ಮಳೆಗಾಲದ ಮೋಡ ವಾರಗಟ್ಟಲೆ ಕವಿದಾಗ ಟ್ರೇಯಲ್ಲಿನ ಮೆಣಸಿನ ಸಸಿ ಸಣಕಲಾಗಿ ಉದ್ದಕ್ಕೆ ಎಳೆಯುತ್ತದಲ್ವಾ, ಅಲ್ಲಿ ನೀಲಿ ಅಂಶ ಇರುವ ಬೆಳಕನ್ನು ಕೆಲವು ಗಂಟೆ ಕೊಟ್ಟರೆ ಸಸಿ ಗಿಡ್ಡವಾಗಿ, ಗಟ್ಟಿಯಾಗಿ ನಿಲ್ಲುತ್ತದೆ. ಕೆಂಪು ಮತ್ತು ನೀಲಿ ಮಾತ್ರ ಇರುವ ನೇರಳೆ ದೀಪ ಬೇಡ, ಬಿಳಿಯದೇ ತಗೊಳ್ಳಿ. ನೇರಳೆ ಬೆಳಕಿನಲ್ಲಿ ಎಲೆಯ ರೋಗ ಕಣ್ಣಿಗೆ ಬೀಳುವುದಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದ ಬಳಕೆ ಸೇವಂತಿಗೆಯದು. ಇಲ್ಲಿ ಬೆಳಕು ಗಿಡಕ್ಕೆ ಆಹಾರವಲ್ಲ, ಬರೀ ಸೂಚನೆ. ಸೇವಂತಿಗೆ ರಾತ್ರಿಯ ಉದ್ದ ನೋಡಿ, ರಾತ್ರಿ ಉದ್ದವಿದ್ದಾಗ ಮೊಗ್ಗು ಬಿಡುವ ಗಿಡ. ನಮ್ಮ ಕಡೆ ಜೂನ್‌ನಲ್ಲೂ ಹಗಲು 13 ಗಂಟೆಯ ಆಸುಪಾಸು ಮಾತ್ರ, ಅದಕ್ಕೇ ಎಷ್ಟೋ ತಳಿಗಳು ಗೇಣುದ್ದ ಬೆಳೆಯುವ ಮೊದಲೇ ಮೊಗ್ಗಿಗೆ ಇಳಿಯುತ್ತವೆ, ಹೂವು ಕಡಿಮೆ ಆಗುತ್ತದೆ. ನಟ್ಟ ಮೊದಲ ತಿಂಗಳು ನಡುರಾತ್ರಿ ಮೂರು ನಾಲ್ಕು ಗಂಟೆ ದೀಪ ಹಾಕಿದರೆ ಉದ್ದ ರಾತ್ರಿ ಎರಡು ತುಂಡಾಗುತ್ತದೆ. ಎಲೆಯಲ್ಲಿರುವ ಫೈಟೋಕ್ರೋಮ್ ಎಂಬ ಬಣ್ಣದ ವಸ್ತು ಕೆಂಪು ಬೆಳಕು ಹಿಡಿದು, ಇನ್ನೂ ರಾತ್ರಿ ಚಿಕ್ಕದಿದೆ ಅಂತ ಗಿಡಕ್ಕೆ ತಿಳಿಸುತ್ತದೆ, ಗಿಡ ಟೊಂಗೆ ಒಡೆಯುತ್ತಾ ಹೋಗುತ್ತದೆ. ಮೊದಲು ಇದಕ್ಕೆ 60, 100 ವ್ಯಾಟಿನ ಹಳದಿ ಬಲ್ಬು ಬೇಕಿತ್ತು, ಈಗ 9 ವ್ಯಾಟಿನ ಎಲ್‌ಇಡಿ ಸಾಕು. ಗದಗ ಕಡೆ ಸೇವಂತಿಗೆ ಹಾಕುವವರು ಬಲ್ಬ್ ತರುವಾಗ ಕೂಲ್ ವೈಟ್ ಬಿಟ್ಟು ವಾರ್ಮ್ ವೈಟ್ ಕೇಳಿ, ಅದರಲ್ಲಿ ಕೆಂಪು ಜಾಸ್ತಿ. ಟೈಮರ್ ಹಾಕಿಸಿ, ಆದರೆ ಕರೆಂಟ್ ಹೋಗಿ ಬಂದ ಮೇಲೂ ಸಮಯ ತಪ್ಪದಂತೆ ಒಳಗೆ ಬ್ಯಾಟರಿ ಇರುವುದನ್ನೇ ನೋಡಿ ತಗೊಳ್ಳಿ.