ಕನ್ನಡಿಯನ್ನು ಪೆಟ್ಟಿಗೆ ಎಂದು ಹೇಳಿದ ತಪ್ಪು

ಮೇಷ್ಟ್ರ ಫೋನ್ ಬಂದಾಗ ನಾನು ಮೈಸೂರಿನ ಕುವೆಂಪುನಗರದ ಒಂದು ಕ್ಲಿನಿಕ್ಕಿನಲ್ಲಿ ಪ್ರಿಂಟರ್ ಬಿಚ್ಚಿಕೊಂಡು ಕುಳಿತಿದ್ದೆ. ಇಪ್ಪತ್ತು ವರ್ಷಗಳಿಂದ ಮನೆ ಮನೆಗೆ, ಸಣ್ಣ ಕಚೇರಿಗಳಿಗೆ ಸ್ಕೂಟರಿನಲ್ಲಿ ಹೋಗಿ ಕಂಪ್ಯೂಟರ್ ರಿಪೇರಿ ಮಾಡುವುದು ನನ್ನ ಕೆಲಸ. ಮೇಷ್ಟ್ರು ನಿವೃತ್ತ ಇತಿಹಾಸ ಅಧ್ಯಾಪಕರು, ನನ್ನ ಹಳೆಯ ಗಿರಾಕಿ. ಎಂದೂ ಏರದ ಅವರ ಧ್ವನಿ ಅಂದು ಏರಿತ್ತು.

"ಹಳೆಯ ಪತ್ರಗಳು ಕಾಣುತ್ತಿಲ್ಲವಲ್ಲಪ್ಪಾ. ಎಲ್ಲವೂ ಈ ಕಂಪ್ಯೂಟರಿನಲ್ಲೇ ಇರುತ್ತವೆ ಎಂದು ನೀನೇ ಹೇಳಿದ್ದೆ."

ಹೇಳಿದ್ದೆ, ನಿಜ. ಕೆಲವು ವರ್ಷಗಳ ಹಿಂದೆ ಅವರ ಜಿಮೇಲ್ ಖಾತೆಯನ್ನು ಥಂಡರ್‌ಬರ್ಡ್ ಎಂಬ ಇಮೇಲ್ ತಂತ್ರಾಂಶಕ್ಕೆ ಜೋಡಿಸಿ, ಪತ್ರಗಳೆಲ್ಲ ಇಳಿಯುವುದನ್ನು ಕಾದು, ನೆಟ್‌ವರ್ಕ್ ತಂತಿ ಕಿತ್ತು, "ನೋಡಿ ಸರ್, ಇಂಟರ್ನೆಟ್ ಇಲ್ಲದಿದ್ದರೂ ಪತ್ರ ತೆರೆಯುತ್ತದೆ, ಇನ್ನು ಚಿಂತೆಯಿಲ್ಲ" ಎಂದು ಜಾದೂಗಾರನ ಹಾಗೆ ತೋರಿಸಿದ್ದೆ. ಅದಕ್ಕೆ ಒಂದು ಲೋಟ ಕಾಫಿ ಮತ್ತು ಐನೂರು ರೂಪಾಯಿ ಸಿಕ್ಕಿತ್ತು.

ಅಂದು ನಾನು ಜೋಡಿಸಿದ್ದು ಐಮ್ಯಾಪ್ ವಿಧಾನದಲ್ಲಿ. ಅದರಲ್ಲಿ ಪತ್ರಗಳ ಅಸಲು ಮನೆ ಸರ್ವರ್, ಅಂದರೆ ಗೂಗಲ್‌ನ ಕಂಪ್ಯೂಟರ್. ನಮ್ಮ ಕಂಪ್ಯೂಟರಿನಲ್ಲಿರುವುದು ಅದರ ಪ್ರತಿಬಿಂಬ. ಫೋನಿನಲ್ಲಿ ಓದಿದ ಪತ್ರ ಇಲ್ಲಿಯೂ ಓದಿದ್ದೆಂದು ಕಾಣುತ್ತದೆ, ಅಲ್ಲಿ ಅಳಿಸಿದ್ದು ಇಲ್ಲಿಯೂ ಅಳಿಯುತ್ತದೆ. ನಾನು ಕನ್ನಡಿಯನ್ನು ಗೋಡೆಗೆ ನೇತುಹಾಕಿ ಪೆಟ್ಟಿಗೆ ಎಂದು ಹೇಳಿ ಬಂದಿದ್ದೆ. ಎರಡಕ್ಕೂ ಇರುವ ವ್ಯತ್ಯಾಸ ನನಗೆ ಗೊತ್ತಿರಲಿಲ್ಲ ಎಂದಲ್ಲ. ಗಿರಾಕಿಗೆ ವಿವರಿಸಲು ಬೇಸರವಾಗಿ "ಚಿಂತೆಯಿಲ್ಲ" ಎಂಬ ಸುಲಭದ ಮಾತು ಆಡಿದ್ದೆ.

ನಡೆದದ್ದು ಇಷ್ಟು. ಬೇಸಿಗೆ ರಜೆಗೆ ಬಂದಿದ್ದ ಮೊಮ್ಮಗ ತಾತನ ಫೋನಿನಲ್ಲಿ "ಜಾಗ ಮುಗಿಯುತ್ತಿದೆ" ಎಂಬ ಸೂಚನೆ ನೋಡಿದ್ದಾನೆ. ಗೂಗಲ್ ಪುಕ್ಕಟೆಯಾಗಿ ಕೊಡುವ 15 ಜಿಬಿಯಲ್ಲಿ ಅಂಚೆ (ಇಮೇಲ್), ಡ್ರೈವ್‌ನ ಕಡತಗಳು, ಫೋಟೊ ಮೂರೂ ಸೇರುತ್ತವೆ. 2021ರ ಜೂನ್‌ನಿಂದ ಹೊಸ ಫೋಟೊಗಳೆಲ್ಲ ಆ ಲೆಕ್ಕಕ್ಕೆ ಬರುತ್ತವೆ. ಹುಡುಗ ಹಳೆಯ, ದೊಡ್ಡ ಪತ್ರಗಳನ್ನು ಹುಡುಕಿ ಒಟ್ಟಿಗೆ ಡಿಲೀಟ್ ಮಾಡಿ, ತಾತನಿಗೆ ಉಪಕಾರ ಮಾಡಿದ ಸಮಾಧಾನದಲ್ಲಿ ಊರಿಗೆ ಹೋಗಿದ್ದಾನೆ. ಕಸದ ಬುಟ್ಟಿಯಲ್ಲಿ 30 ದಿನ ಇದ್ದು ಅವು ಹೋಗಿಯೇಬಿಟ್ಟಿವೆ. ಮೇಷ್ಟ್ರು ಗಮನಿಸಿದ್ದು ಎರಡು ತಿಂಗಳ ಮೇಲೆ. ದೊಡ್ಡ ಪತ್ರಗಳೆಂದರೆ ಅವರ ಮಟ್ಟಿಗೆ ಗೆಳೆಯರು ಕಳಿಸಿದ ಶಾಸನಗಳ ಚಿತ್ರಗಳು, ಮಗಳು ಕಳಿಸಿದ ಮಗುವಿನ ಫೋಟೊಗಳು. ಅಂಚೆಯಲ್ಲಿ ಹೋಗುವ ಚಿತ್ರ ಅಕ್ಷರಗಳಾಗಿ ಬದಲಾಗುವುದರಿಂದ 3 ಎಂಬಿಯ ಫೋಟೊ ಸುಮಾರು 4 ಎಂಬಿಗೆ ಊದಿಕೊಳ್ಳುತ್ತದೆ. ಹಾಗಾಗಿ ಮೊದಲು ಕತ್ತಿ ಬೀಳುವುದು ಯಾವಾಗಲೂ ಇಂಥವುಗಳ ಮೇಲೆ.

ಫೋನಿನಲ್ಲೇ ಹೇಳಿದೆ: "ಸರ್, ಏನೂ ಒತ್ತಬೇಡಿ. ಕಂಪ್ಯೂಟರ್ ಆರಿಸಿಬಿಡಿ. ಬರುತ್ತಿದ್ದೇನೆ."

ಹಾಗೆ ಹೇಳಿದ್ದು ಒಳ್ಳೆಯದೇ ಆಯಿತು. ಥಂಡರ್‌ಬರ್ಡ್ ಸಾಮಾನ್ಯವಾಗಿ ಒಂದು ಫೋಲ್ಡರಿನ ಪತ್ರಗಳನ್ನೆಲ್ಲ ಎಂಬಾಕ್ಸ್ ಎಂಬ ಒಂದೇ ಉದ್ದನೆಯ ಪಠ್ಯ ಕಡತದಲ್ಲಿ, ಒಂದರ ಬಾಲಕ್ಕೆ ಇನ್ನೊಂದನ್ನು ಅಂಟಿಸಿ ಇಡುತ್ತದೆ. ಯಾವ ಪತ್ರ ಎಲ್ಲಿದೆ ಎಂಬ ಸೂಚಿ ಬೇರೆ ಕಡತದಲ್ಲಿರುತ್ತದೆ. ಪತ್ರ ಅಳಿಸಿದಾಗ ಸೂಚಿಯಿಂದ ಹೆಸರು ಹೋಗುತ್ತದೆಯೇ ಹೊರತು ಪತ್ರದ ಮೈ ಕೂಡಲೇ ಹೋಗುವುದಿಲ್ಲ. ಫೋಲ್ಡರನ್ನು ಕಾಂಪ್ಯಾಕ್ಟ್ ಮಾಡಿದಾಗ, ಅಂದರೆ ಅಳಿಸಿದ್ದನ್ನು ತೆಗೆದು ಕಡತವನ್ನು ಕುಗ್ಗಿಸಿದಾಗ ಮಾತ್ರ ಹೋಗುತ್ತದೆ. ಉಳಿಸಬಹುದಾದ ಜಾಗ ಒಂದು ಮಿತಿ ದಾಟಿದರೆ ತಂತ್ರಾಂಶವೇ ಆ ಕೆಲಸಕ್ಕೆ ಮುಂದಾಗುತ್ತದೆ. ಹೋಗಿ ಮೊದಲು ಈ ಕಡತಗಳೆಲ್ಲ ಇರುವ ಇಡೀ ಪ್ರೊಫೈಲ್ ಫೋಲ್ಡರನ್ನು ಬೇರೆ ಡಿಸ್ಕಿಗೆ ನಕಲು ಮಾಡಿಕೊಂಡೆ. ಇನ್‌ಬಾಕ್ಸ್ ಆಗಲೇ ಕಾಂಪ್ಯಾಕ್ಟ್ ಆಗಿ ಗುಡಿಸಿ ಸಾರಿಸಿದಂತಿತ್ತು. ಅದೃಷ್ಟಕ್ಕೆ, ಮೇಷ್ಟ್ರು ಶಾಸನದ ಪತ್ರಗಳನ್ನು ಬೇರೆ ಫೋಲ್ಡರಿನಲ್ಲಿ ವಿಂಗಡಿಸಿ ಇಟ್ಟಿದ್ದರು. ಅದರ ಕಡತ ಇನ್ನೂ ದಪ್ಪಗಿತ್ತು. ಪೈಥಾನ್ ಭಾಷೆಯಲ್ಲಿ ಎಂಬಾಕ್ಸ್ ಓದುವ ಸಲಕರಣೆ ಮೊದಲೇ ಇರುವುದರಿಂದ ಹತ್ತಾರು ಸಾಲು ಬರೆದು ಪತ್ರಗಳನ್ನು ಒಂದೊಂದಾಗಿ ಹೊರಗೆಳೆದೆ. ಶಾಸನಗಳು ಬಂದವು. ಮಗುವಿನ ಫೋಟೊಗಳು ಬರಲಿಲ್ಲ. ಮೇಷ್ಟ್ರ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಕಲ್ಲು ಸಿಕ್ಕಿತು, ಮಗು ಸಿಗಲಿಲ್ಲ ಅನ್ನಿ" ಎಂದರು. ನಾನು ತಲೆ ಎತ್ತಲಿಲ್ಲ.

ಆಮೇಲೆ ಅವರೇ ಅಟ್ಟದಲ್ಲಿ ಹಳೆಯ ಕಂಪ್ಯೂಟರ್ ಇದೆಯೆಂದು ನೆನಪಿಸಿದರು. 2003ರ ಯಂತ್ರ, ವಿಂಡೋಸ್ ಎಕ್ಸ್‌ಪಿ. ಡಯಲ್-ಅಪ್ ಕಾಲದ್ದು. ಆಗ ಅಂಚೆಯನ್ನು ಪಾಪ್ ವಿಧಾನದಲ್ಲಿ ಇಳಿಸಿಕೊಳ್ಳುತ್ತಿದ್ದೆವು. ಪತ್ರ ಮನೆಗೆ ಬಂದೊಡನೆ ಸರ್ವರ್‌ನಿಂದ ಖಾಲಿಯಾಗುತ್ತಿತ್ತು, ಏಕೆಂದರೆ ಅಲ್ಲಿ ಜಾಗವೇ ಇರಲಿಲ್ಲ. ಹಾಟ್‌ಮೇಲ್ 2 ಎಂಬಿ, ಯಾಹೂ 4 ಎಂಬಿ ಕೊಡುತ್ತಿದ್ದ ದಿನಗಳವು. 2004ರ ಏಪ್ರಿಲ್ 1ರಂದು ಗೂಗಲ್ 1 ಜಿಬಿ ಕೊಡುತ್ತೇನೆ ಎಂದಾಗ ಏಪ್ರಿಲ್ ಫೂಲ್ ಎಂದುಕೊಂಡವರು ಎಷ್ಟೋ ಮಂದಿ. ಅಟ್ಟದ ಡಿಸ್ಕನ್ನು ಬಿಚ್ಚಿ ಯುಎಸ್‌ಬಿ ಪರಿವರ್ತಕಕ್ಕೆ ಸಿಕ್ಕಿಸಿದರೆ, ಗರಗರ ಎಂದು ಎದ್ದು ಕುಳಿತಿತು. ಆ ಕಾಲದ ಅಂಚೆ ತಂತ್ರಾಂಶ ಔಟ್‌ಲುಕ್ ಎಕ್ಸ್‌ಪ್ರೆಸ್‌ನ ಕಡತಗಳು ಹಾಗೆಯೇ ಇದ್ದವು. ಜಾಗದ ದಾರಿದ್ರ್ಯದಿಂದ ಮನೆಗೆ ಬಂದಿದ್ದ ಪತ್ರಗಳು ಉಳಿದಿದ್ದವು, ಜಾಗದ ಸಿರಿವಂತಿಕೆಯಲ್ಲಿ ಅಲ್ಲೇ ಬಿಟ್ಟವು ಹೋಗಿದ್ದವು. ಹಾಗೆಂದು ಪಾಪ್ ಕಾಲವನ್ನು ಹೊಗಳುವವನು ನಾನಲ್ಲ. ಆ ಡಿಸ್ಕ್ ಸತ್ತಿದ್ದರೆ ಎಲ್ಲವೂ ಸತ್ತಿರುತ್ತಿತ್ತು. ಹಾಗೆ ಸತ್ತವನ್ನು ನಾನೇ ಎಷ್ಟೋ ಕಂಡಿದ್ದೇನೆ.

ಅಂದಿನಿಂದ ಕೆಲಸದ ಕ್ರಮ ಬದಲಾಗಿದೆ. ಐಮ್ಯಾಪ್ ಜೋಡಣೆ ಇರಲಿ, ಫೋನ್ ಇರುವವರಿಗೆ ಅದು ಬೇಕು. ಅದರ ಜೊತೆಗೆ ಥಂಡರ್‌ಬರ್ಡ್‌ನ ಲೋಕಲ್ ಫೋಲ್ಡರ್ಸ್ ಒಳಗೆ ವರ್ಷಕ್ಕೊಂದು ಫೋಲ್ಡರ್ ಮಾಡಿ, ಪತ್ರಗಳನ್ನು ಅಲ್ಲಿಗೆ ನಕಲು ಮಾಡುತ್ತೇನೆ. ನಕಲು, ಸ್ಥಳಾಂತರವಲ್ಲ. ಆ ಫೋಲ್ಡರಿಗೂ ಸರ್ವರ್‌ಗೂ ಯಾವ ಸಂಬಂಧವೂ ಇರುವುದಿಲ್ಲ, ಯಾವ ಮೊಮ್ಮಗನ ಬೆರಳೂ ಫೋನಿನಿಂದ ಅಲ್ಲಿಗೆ ತಲುಪುವುದಿಲ್ಲ. ದೊಡ್ಡ ಜಿಮೇಲ್ ಖಾತೆಯಾದರೆ ಇದು ಒಂದೇ ಸಲಕ್ಕೆ ಮುಗಿಯುವುದಿಲ್ಲ. ಐಮ್ಯಾಪ್‌ನಲ್ಲಿ ದಿನಕ್ಕೆ 2,500 ಎಂಬಿಗಿಂತ ಹೆಚ್ಚು ಇಳಿಸಲು ಗೂಗಲ್ ಬಿಡುವುದಿಲ್ಲ. ಅವಸರವಿದ್ದರೆ ಗೂಗಲ್‌ನದೇ ಟೇಕ್‌ಔಟ್ ಸೇವೆಯಲ್ಲಿ ಇಡೀ ಅಂಚೆಯನ್ನು ಎಂಬಾಕ್ಸ್ ಆಗಿ ಕೇಳಿ ಪಡೆಯಬಹುದು. ಇನ್ನೊಂದು ತಮಾಷೆ: ಜಿಮೇಲ್‌ನ ಲೇಬಲ್‌ಗಳು ಐಮ್ಯಾಪ್‌ನಲ್ಲಿ ಫೋಲ್ಡರ್‌ಗಳಾಗಿ ಕಾಣುವುದರಿಂದ, ಎಲ್ಲ ಲೇಬಲ್‌ಗಳ ಪತ್ರಗಳೂ ಇರುವ "ಆಲ್ ಮೇಲ್" ಅನ್ನೂ ಸೇರಿಸಿ ಎಲ್ಲವನ್ನೂ ಇಳಿಸಿದರೆ ಅದೇ ಪತ್ರ ಎರಡು ಮೂರು ಸಲ ಬಂದು ಕೂರುತ್ತದೆ. ನಾನು ಆಲ್ ಮೇಲ್ ಒಂದನ್ನೇ ಇಳಿಸುತ್ತೇನೆ.

ನಕಲು ಎರಡು ಹೊರ ಡಿಸ್ಕುಗಳಿಗೆ ಹೋಗುತ್ತದೆ, ಒಂದು ಬೇರೆ ಮನೆಯಲ್ಲಿರಬೇಕು. ಡಿಸ್ಕಿಗೆ ಬೀಗದ ಗುಪ್ತಪದ ಬೇಕು, ಏಕೆಂದರೆ ಅಂಚೆಯಲ್ಲಿ ಬ್ಯಾಂಕಿನಿಂದ ಆಧಾರ್‌ವರೆಗೆ ಎಲ್ಲವೂ ಇರುತ್ತದೆ. ಆರು ತಿಂಗಳಿಗೊಮ್ಮೆ ಬೇರೊಂದು ಕಂಪ್ಯೂಟರಿನಲ್ಲಿ ಆ ನಕಲನ್ನು ತೆರೆದು ನಾಲ್ಕು ಪತ್ರ ಓದಿ ನೋಡುತ್ತೇನೆ. ಇದಕ್ಕೆ ಹಣ ಕೇಳಿದರೆ ಗಿರಾಕಿಗಳು ನಗುತ್ತಾರೆ, ಆದರೂ ಕೇಳುತ್ತೇನೆ. ಆಂಟಿವೈರಸ್‌ಗೂ ಅಂಚೆಯ ಫೋಲ್ಡರನ್ನು ಮುಟ್ಟಬೇಡ ಎಂದು ಹೇಳಿಡಬೇಕು. ಒಂದು ಕೆಟ್ಟ ಲಗತ್ತಿಗಾಗಿ ಅದು ಇಡೀ ಇನ್‌ಬಾಕ್ಸ್ ಕಡತವನ್ನೇ ಸೆರೆಗೆ ಹಾಕಬಲ್ಲದು. ಔಟ್‌ಲುಕ್ ಬಳಸುವ ಕಚೇರಿಗಳಲ್ಲಿ ಇನ್ನೊಂದು ರೋಗವಿದೆ: ಪತ್ರಗಳೆಲ್ಲ ಇರುವ ಪಿಎಸ್‌ಟಿ ಕಡತವನ್ನು ನೆಟ್‌ವರ್ಕಿನ ಹಂಚಿಕೆ ಫೋಲ್ಡರಿನಲ್ಲಿಟ್ಟು ದಿನವೂ ಅಲ್ಲಿಂದಲೇ ತೆರೆಯುವುದು. ಅದು ಕೆಡುತ್ತದೆ. ಕೆಟ್ಟ ಮೇಲೆ ನನ್ನನ್ನು ಕರೆಯುತ್ತಾರೆ.

ಒಬ್ಬ ವಕೀಲರಿಗೂ ಈಗ ಇದೇ ವ್ಯವಸ್ಥೆ ಮಾಡಿದ್ದೇನೆ. ಮುಖ್ಯ ಪತ್ರಗಳನ್ನು ಅವರು ಮುದ್ರಿಸಿ ಫೈಲಿಗೆ ಹಾಕುತ್ತಿದ್ದರು. ಮುದ್ರಿಸಿದರೆ ಪತ್ರ ಯಾವ ಸರ್ವರ್‌ಗಳನ್ನು ಹಾದು ಬಂತು ಎಂಬ ತಲೆಬರಹ ಉಳಿಯುವುದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ವಿದ್ಯುನ್ಮಾನ ದಾಖಲೆಯ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ಕಡತದ ಹ್ಯಾಶ್ ಮೌಲ್ಯವನ್ನೂ, ಅಂದರೆ ಕಡತದಿಂದ ಲೆಕ್ಕಹಾಕಿದ ಬೆರಳಚ್ಚಿನಂಥ ಗುರುತನ್ನೂ, ನಮೂದಿಸಬೇಕು. ಕಾಗದಕ್ಕೆ ಹ್ಯಾಶ್ ಎಲ್ಲಿಂದ ತರುವುದು?

ಸ್ವಂತ ಅಂಚೆ ಸರ್ವರನ್ನೇ ಮನೆಯಲ್ಲಿಡೋಣ ಎನ್ನುವ ಉತ್ಸಾಹಿ ಹುಡುಗರೂ ಸಿಗುತ್ತಾರೆ. ಬೇಡ ಎನ್ನುತ್ತೇನೆ. ಮನೆಯ ಸಂಪರ್ಕದಿಂದ ಹೊರಟ ಪತ್ರ ಬಹುತೇಕ ಸ್ಪ್ಯಾಮ್ ಬುಟ್ಟಿಗೆ ಬೀಳುತ್ತದೆ. ಬರುವುದು ಹೋಗುವುದು ದೊಡ್ಡವರ ಮೂಲಕವೇ ಆಗಲಿ, ದಾಸ್ತಾನು ಮಾತ್ರ ನಮ್ಮದಾಗಿರಲಿ. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಯನ್ನು ಗೂಗಲ್ ಅಳಿಸಬಹುದು ಎಂಬ ನಿಯಮವನ್ನು, ತೀರಿಕೊಂಡ ಹಿರಿಯರ ಖಾತೆ ಇರುವ ಮನೆಗಳಲ್ಲಿ ನಾನೇ ನೆನಪಿಸುತ್ತೇನೆ.

ಮೇಷ್ಟ್ರ ಅಟ್ಟದ ಪತ್ರಗಳದ್ದು ಇನ್ನೊಂದು ಕತೆ. ಹೊರತೆಗೆದರೆ ಕನ್ನಡವೇ ಇಲ್ಲ. ರೋಮನ್ ಅಕ್ಷರಗಳ ತಲೆಯ ಮೇಲೆ ಸೊಟ್ಟ ಗೆರೆಗಳು, ನಡುವೆ ಪೌಂಡಿನ ಚಿಹ್ನೆ. ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಯೂನಿಕೋಡ್ ಅಕ್ಷರ ಸಂಕೇತ ಕನ್ನಡದಲ್ಲಿ ಬಳಕೆಗೆ ಬರುವ ಮುಂಚಿನ, ನುಡಿ ಮತ್ತು ಬರಹ ತಂತ್ರಾಂಶಗಳ ಫಾಂಟ್‌ಗಳಲ್ಲಿ ಬರೆದ ಪತ್ರಗಳು. ಇಂಥದ್ದು ಕ್ಲೌಡಿನಲ್ಲಿದ್ದರೆ "ಶಾಸನ" ಎಂದು ಹುಡುಕಿದರೆ ಏನೂ ಸಿಗುವುದಿಲ್ಲ. ಕಡತ ಕೈಯಲ್ಲಿದ್ದುದರಿಂದ ಒಂದು ರಾತ್ರಿ ಕುಳಿತು ಎಲ್ಲವನ್ನೂ ಯೂನಿಕೋಡಿಗೆ ಪರಿವರ್ತಿಸಿದೆ. ಮೂಲವನ್ನು ಹಾಗೆಯೇ ಬಿಟ್ಟು ಪರಿವರ್ತಿತ ಪ್ರತಿಯನ್ನು ಬೇರೆ ಫೋಲ್ಡರಿನಲ್ಲಿಟ್ಟೆ.

ಮೇಷ್ಟ್ರು ಕನ್ನಡಕ ಏರಿಸಿ ಒಂದೊಂದೇ ಓದತೊಡಗಿದರು. 2003ರಲ್ಲಿ ತಾವೇ ಗೆಳೆಯರೊಬ್ಬರಿಗೆ ಬರೆದ ಪತ್ರದಲ್ಲಿ ಶಾಸನದ ಕಾಲವನ್ನು ತಪ್ಪಾಗಿ ಹೇಳಿದ್ದು ಕಣ್ಣಿಗೆ ಬಿತ್ತು. ತಿದ್ದಬಹುದೇ ಎಂದು ಕೇಳಿದರು.

"ಮೂಲವನ್ನು ಮುಟ್ಟುವಂತಿಲ್ಲ ಸರ್."

ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಅಡಿಟಿಪ್ಪಣಿ ಹಾಕಲು ಎಲ್ಲಿ ಒತ್ತಬೇಕು, ತೋರಿಸು" ಎಂದರು.